ಕಣ್ಣಿಗೆ ಅರ್ಧ, ಕಿವಿಗೆ ಅರ್ಧ: ಸಸ್ಪೆನ್ಸ್ ಚಿತ್ರಗಳಲ್ಲಿ ಕ್ಯಾಮೆರಾ ಮತ್ತು ಸದ್ದು

ಸಸ್ಪೆನ್ಸ್ ಚಿತ್ರದ ಬಿಗಿ ನಿಂತಿರುವುದು ತಿಳಿವಳಿಕೆಯ ಹಂಚಿಕೆಯ ಮೇಲೆ. ಕಥೆಯೊಳಗಿನ ಪಾತ್ರಕ್ಕೆ ಎಷ್ಟು ಗೊತ್ತು, ಹೊರಗೆ ಕುಳಿತ ಪ್ರೇಕ್ಷಕನಿಗೆ ಎಷ್ಟು ಗೊತ್ತು, ಇಬ್ಬರಲ್ಲಿ ಯಾರಿಗೆ ಮೊದಲು ಗೊತ್ತಾಗಬೇಕು ಎಂಬುದನ್ನು ನಿರ್ದೇಶಕ ಅಳೆದು ತೂಗಿ ನಿರ್ಧರಿಸುತ್ತಾನೆ. ಕಾದಂಬರಿಕಾರ ಈ ಕೆಲಸವನ್ನು ವಾಕ್ಯಗಳಲ್ಲಿ ಮಾಡುತ್ತಾನೆ; ಚಿತ್ರ ನಿರ್ದೇಶಕ ಬಹುಪಾಲು ಕ್ಯಾಮೆರಾ ಮತ್ತು ಸದ್ದಿನಿಂದಲೇ ಮಾಡಬೇಕು. ಕ್ಯಾಮೆರಾ ಏನನ್ನು ಚೌಕಟ್ಟಿನೊಳಗೆ ಬಿಟ್ಟುಕೊಳ್ಳುತ್ತದೆ, ಏನನ್ನು ಹೊರಗೆ ನಿಲ್ಲಿಸುತ್ತದೆ ಎಂಬುದು ಒಂದು ಪಾಲು. ಹೊರಗೆ ನಿಂತದ್ದು ಕಿವಿಯ ಮೂಲಕ ಹೇಗೆ ಒಳಗೆ ಬರುತ್ತದೆ ಎಂಬುದು ಇನ್ನೊಂದು ಪಾಲು. ಈ ಎರಡನೆಯ ಪಾಲಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಒಳ್ಳೆಯ ಕಥೆ, ಒಳ್ಳೆಯ ಛಾಯಾಗ್ರಹಣ ಇದ್ದೂ ಎಷ್ಟೋ ಥ್ರಿಲ್ಲರ್‌ಗಳು ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣ ಅಲ್ಲೇ ಇದೆ.

ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೊಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಇದರ ಮೂಲ ತತ್ವವನ್ನು ಒಂದು ಉದಾಹರಣೆಯಿಂದ ವಿವರಿಸಿದ. ಇಬ್ಬರು ಮೇಜಿನ ಎದುರು ಕುಳಿತು ಏನೋ ಮಾತಾಡುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬ್ ಇದೆ. ಪ್ರೇಕ್ಷಕನಿಗೂ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆ, ಅಷ್ಟೇ. ಬಾಂಬ್ ಇಟ್ಟದ್ದನ್ನು ಪ್ರೇಕ್ಷಕ ಮೊದಲೇ ನೋಡಿದ್ದರೆ, ಗೋಡೆಯ ಗಡಿಯಾರವೂ ಅವನಿಗೆ ಕಾಣುತ್ತಿದ್ದರೆ, ಅದೇ ಮಾತುಕತೆ ಹದಿನೈದು ನಿಮಿಷದ ಸಂಕಟವಾಗುತ್ತದೆ. ಇಬ್ಬರ ಮಾತು ಬದಲಾಗಿಲ್ಲ, ನಟನೆಯೂ ಬದಲಾಗಿಲ್ಲ. ಪ್ರೇಕ್ಷಕನಿಗೆ ಒಂದು ಶಾಟ್ ಹೆಚ್ಚು ಸಿಕ್ಕಿದೆ. ಮುಚ್ಚಿಟ್ಟಷ್ಟೂ ಕುತೂಹಲ ಹೆಚ್ಚುತ್ತದೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಕೊಲೆಗಾರ ಯಾರೆಂಬ ಒಗಟು ಬುದ್ಧಿಗೆ ಕೆಲಸ ಕೊಡುತ್ತದೆ. ಬರಲಿರುವುದನ್ನು ಮೊದಲೇ ಬಲ್ಲ ಪ್ರೇಕ್ಷಕನ ಆತಂಕವಾದರೋ ಹೊಟ್ಟೆಯಲ್ಲಿ ಹುಟ್ಟುತ್ತದೆ.

ಕ್ಯಾಮೆರಾ ಈ ಹೆಚ್ಚುವರಿ ತಿಳಿವಳಿಕೆಯನ್ನು ಹಲವು ರೀತಿಯಲ್ಲಿ ಕೊಡಬಲ್ಲದು. ಅತ್ಯಂತ ಸರಳವಾದದ್ದು ಅಲುಗದೆ ನಿಂತು ನೋಡುವುದು. ಹಿಚ್‌ಕಾಕ್‌ನ ‘ರೋಪ್’ (1948) ಚಿತ್ರದಲ್ಲಿ ಇಬ್ಬರು ಯುವಕರು ತಮ್ಮ ಗೆಳೆಯನನ್ನು ಕೊಂದು, ಹೆಣವನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆಯೇ ಊಟ ಬಡಿಸಿ ಔತಣ ನಡೆಸುತ್ತಾರೆ. ಔತಣದ ಕೊನೆಯಲ್ಲಿ ಅತಿಥಿಗಳು ಒಂದು ಬದಿಯಲ್ಲಿ ಮಾತಾಡುತ್ತಿರುತ್ತಾರೆ. ಕ್ಯಾಮೆರಾ ಅವರ ಕಡೆ ತಿರುಗುವುದೇ ಇಲ್ಲ. ಮನೆಗೆಲಸದ ಹೆಂಗಸು ಪೆಟ್ಟಿಗೆಯ ಮೇಲಿನ ತಟ್ಟೆಗಳನ್ನು ತೆಗೆದುಕೊಂಡು ಹೋಗುತ್ತಾಳೆ, ಬರುತ್ತಾಳೆ, ಮೇಣದಬತ್ತಿಗಳನ್ನು ಒಯ್ಯುತ್ತಾಳೆ, ಹಾಸನ್ನು ತೆಗೆಯುತ್ತಾಳೆ, ಪುಸ್ತಕಗಳನ್ನು ತಂದು ಪೆಟ್ಟಿಗೆಯೊಳಗೆ ಇಡಲು ಮುಂದಾಗುತ್ತಾಳೆ. ಮಾತು ಮಾತ್ರ ಚೌಕಟ್ಟಿನ ಹೊರಗಿನಿಂದ ಎಂದಿನ ಲಯದಲ್ಲಿ ಕೇಳುತ್ತಲೇ ಇರುತ್ತದೆ. ಕತ್ತರಿ ಬೀಳುವುದಿಲ್ಲ, ಸಂಗೀತವೂ ಇಲ್ಲ. ಕಣ್ಣಿಗೆ ಒಂದು ವಿಷಯ, ಕಿವಿಗೆ ಇನ್ನೊಂದು ವಿಷಯ ಸಿಕ್ಕಿ, ಇವೆರಡೂ ಒಂದನ್ನೊಂದು ಮುಟ್ಟಬಾರದೆಂದು ಪ್ರೇಕ್ಷಕ ಬಯಸುತ್ತಾ ಕೂರುತ್ತಾನೆ. ಅವನು ಕೊಲೆಗಾರರ ಪರ ವಹಿಸಿಬಿಟ್ಟಿರುವುದು ಅವನ ಅರಿವಿಗೇ ಬಂದಿರುವುದಿಲ್ಲ.

ಕ್ಯಾಮೆರಾ ಚಲಿಸಿದಾಗಲೂ ಉದ್ದೇಶ ಅದೇ. ‘ನಟೋರಿಯಸ್’ (1946) ಚಿತ್ರದ ಔತಣಕೂಟದಲ್ಲಿ ಕ್ಯಾಮೆರಾ ಮೇಲಿನ ಅಂತಸ್ತಿನಿಂದ ಇಡೀ ಹಜಾರವನ್ನು ನೋಡುತ್ತಾ ಕೆಳಗಿಳಿದು, ಅತಿಥಿಗಳ ನಡುವೆ ನಿಂತ ಇಂಗ್ರಿಡ್ ಬರ್ಗ್‌ಮನ್‌ಳ ಮುಷ್ಟಿಯ ಹತ್ತಿರ ಬಂದು, ಅದರಲ್ಲಿರುವ ಒಂದು ಪುಟ್ಟ ಬೀಗದ ಕೈಯ ಮೇಲೆ ನಿಲ್ಲುತ್ತದೆ. ಅಷ್ಟು ದೊಡ್ಡ ಸಮಾರಂಭದಲ್ಲಿ ನಿಜವಾಗಿ ನಡೆಯುತ್ತಿರುವುದು ಆ ಮುಷ್ಟಿಯೊಳಗೆ ಎಂಬುದನ್ನು ಒಂದೇ ಚಲನೆ ಹೇಳಿ ಮುಗಿಸುತ್ತದೆ. ‘ವರ್ಟಿಗೊ’ (1958) ಚಿತ್ರದ ಗಂಟೆಗೋಪುರದ ಮೆಟ್ಟಿಲುಗಳ ಶಾಟ್ ಇನ್ನೂ ಪ್ರಸಿದ್ಧ. ಎರಡನೇ ಘಟಕದ ಛಾಯಾಗ್ರಾಹಕ ಇರ್ಮಿನ್ ರಾಬರ್ಟ್ಸ್, ಕ್ಯಾಮೆರಾವನ್ನು ಒಂದು ದಿಕ್ಕಿಗೆ ಓಡಿಸಿ ಅದೇ ಹೊತ್ತಿಗೆ ಲೆನ್ಸನ್ನು ವಿರುದ್ಧ ದಿಕ್ಕಿಗೆ ಜೂಮ್ ಮಾಡಿದ. ಮೆಟ್ಟಿಲುಗಳ ಸಣ್ಣ ಮಾದರಿಯೊಂದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಇದನ್ನು ಚಿತ್ರೀಕರಿಸಲಾಯಿತು. ಎತ್ತರವನ್ನು ಕಂಡರೆ ತಲೆಸುತ್ತುವ ನಾಯಕನ ಭಯ ಮಾತಿಲ್ಲದೆ ಪ್ರೇಕ್ಷಕನ ಮೈಗೆ ದಾಟಿತು. ಈ ತಂತ್ರವನ್ನು ಆಮೇಲೆ ನೂರಾರು ಚಿತ್ರಗಳು ಬಳಸಿದವು. ಬಹುತೇಕ ಕಡೆ ಅದು ಬರಿಯ ಚಮತ್ಕಾರವಾಗಿ ಉಳಿಯಿತು, ಏಕೆಂದರೆ ಆ ಪಾತ್ರದ ಒಳಗೆ ನಡೆಯುತ್ತಿರುವ ಯಾವುದಕ್ಕೂ ಅದು ತಾಳೆಯಾಗಲಿಲ್ಲ.

ಯಾರ ಕಣ್ಣಿನಿಂದ ನೋಡುವುದು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಆಳವಾದದ್ದು. ‘ರಿಯರ್ ವಿಂಡೋ’ (1954) ಚಿತ್ರದಲ್ಲಿ ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕೂತ ಛಾಯಾಗ್ರಾಹಕನ ಕೋಣೆಯನ್ನು ಬಿಟ್ಟು ಕ್ಯಾಮೆರಾ ಹೆಚ್ಚುಕಡಿಮೆ ಕದಲುವುದಿಲ್ಲ. ಎದುರಿನ ಮನೆಗಳಲ್ಲಿ ನಡೆಯುವುದು ಅವನಿಗೆ ಎಷ್ಟು ಕಾಣುತ್ತದೋ ಪ್ರೇಕ್ಷಕನಿಗೂ ಅಷ್ಟೇ, ಅವನಿಗೆ ಎಷ್ಟು ಅಸ್ಪಷ್ಟವಾಗಿ ಕೇಳುತ್ತದೋ ಅಷ್ಟೇ. ‘ಸೈಕೋ’ (1960) ಇದನ್ನೇ ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತದೆ. ಮೊದಲ ಭಾಗದುದ್ದಕ್ಕೂ ಪ್ರೇಕ್ಷಕ ಮೇರಿಯನ್ ಎಂಬ ಹೆಣ್ಣಿನ ಕಣ್ಣಲ್ಲಿ ನೋಡುತ್ತಾನೆ. ಅವಳು ಸತ್ತ ಮೇಲೆ, ಅವಳ ಹೆಣವಿರುವ ಕಾರನ್ನು ಕೆಸರು ಹೊಂಡಕ್ಕೆ ತಳ್ಳುವ ಮೋಟೆಲ್ ಮಾಲೀಕ ನಾರ್ಮನ್‌ನ ಜೊತೆ ನಿಲ್ಲುತ್ತಾನೆ. ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ನಾರ್ಮನ್‌ನ ಮುಖ, ಮುಳುಗದ ಕಾರು, ಮತ್ತೆ ಅವನ ಮುಖ. ಈಗ ಪ್ರೇಕ್ಷಕನೂ ಕಾರು ಮುಳುಗಲಿ ಎಂದು ಕಾಯುತ್ತಿದ್ದಾನೆ. ಕ್ಯಾಮೆರಾ ಯಾರ ಪಕ್ಕದಲ್ಲಿ ನಿಲ್ಲುತ್ತದೋ ಅವರ ಸಂಕಟ ನೋಡುವವನ ಸಂಕಟವಾಗುತ್ತದೆ. ಸಸ್ಪೆನ್ಸ್ ಚಿತ್ರಗಳಿಗೆ ನೈತಿಕ ತೂಕ ಬರುವುದು ಇಂಥ ಕಡೆ.

ಇನ್ನು ಸದ್ದಿನ ಮಾತು. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಚಿತ್ರಕ್ಕೆ ನಾಲ್ಕು ಅಂಚುಗಳಿವೆ, ಸದ್ದಿಗೆ ಅಂಚಿಲ್ಲ. ಅಂಚಿನಾಚೆ ಇರುವುದನ್ನು ತೋರಿಸದೆ ಹತ್ತಿರಕ್ಕೆ ತರಬಲ್ಲ ಶಕ್ತಿ ಸದ್ದಿಗೆ ಮಾತ್ರ ಇದೆ. ಇದನ್ನು ಫ್ರಿಟ್ಸ್ ಲಾಂಗ್ ಟಾಕಿ ಯುಗದ ಆರಂಭದಲ್ಲೇ ಕಂಡುಕೊಂಡಿದ್ದ. ಅವನ ಜರ್ಮನ್ ಚಿತ್ರ ‘ಎಂ’ (1931) ಬಂದಾಗ ಸದ್ದು ಸಿನಿಮಾಕ್ಕೆ ಹೊಸದು. ಸಿಕ್ಕ ಕಡೆಯೆಲ್ಲ ಮಾತು, ಹಾಡು ತುಂಬುವ ಹುಮ್ಮಸ್ಸು ಎಲ್ಲ ಕಡೆ ಇತ್ತು. ಲಾಂಗ್ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟ. ಮಕ್ಕಳನ್ನು ಕೊಲ್ಲುವವನ ಗುರುತಾಗಿ ಒಂದು ಸಿಳ್ಳೆಯನ್ನಷ್ಟೇ ಇಟ್ಟ. ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ಧಾಟಿ ಅದು. ಶಾಲೆಯಿಂದ ಮಗಳು ಬರುವುದು ತಡವಾದಾಗ ತಾಯಿ ಅವಳ ಹೆಸರು ಹಿಡಿದು ಕೂಗುತ್ತಾಳೆ. ಆ ಕೂಗು ಕೇಳುತ್ತಿರುವಾಗ ತೆರೆಯ ಮೇಲೆ ಬರುವುದು ಖಾಲಿ ಮೆಟ್ಟಿಲುಗಳು, ಬಟ್ಟೆ ಒಣಗಹಾಕಿದ ಖಾಲಿ ಅಟ್ಟ, ಊಟಕ್ಕೆ ಇಟ್ಟ ಖಾಲಿ ತಟ್ಟೆ. ಆಮೇಲೆ ಹುಲ್ಲಿನಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆ ಎಲ್ಲೂ ಕಾಣುವುದಿಲ್ಲ. ಮುಂದೆ ಕೊಲೆಗಾರನನ್ನು ಪತ್ತೆ ಹಚ್ಚುವವನು ಬಲೂನು ಮಾರುವ ಕುರುಡ. ಊರಿನ ಪೊಲೀಸರ ಕಣ್ಣಿಗೆ ಬೀಳದವನು ಅವನ ಕಿವಿಗೆ ಸಿಕ್ಕಿಬೀಳುತ್ತಾನೆ. ಸದ್ದು ಕಥೆಯನ್ನೇ ಮುಂದಕ್ಕೆ ನಡೆಸಬಲ್ಲದೆಂದು ಇಷ್ಟು ಖಚಿತವಾಗಿ ತೋರಿಸಿಕೊಟ್ಟ ಚಿತ್ರಗಳು ಇವತ್ತಿಗೂ ಕಡಿಮೆ.

ಅದಕ್ಕೂ ಎರಡು ವರ್ಷ ಹಿಂದೆ, ಮೂಕಿ ಚಿತ್ರವಾಗಿ ಶುರುವಾಗಿ ಟಾಕಿಯಾಗಿ ಬದಲಾದ ‘ಬ್ಲ್ಯಾಕ್‌ಮೇಲ್’ (1929) ಚಿತ್ರದಲ್ಲಿ ಹಿಚ್‌ಕಾಕ್ ಇನ್ನೊಂದು ದಾರಿ ಹಿಡಿದಿದ್ದ. ತನ್ನ ಮೇಲೆ ಕೈಮಾಡಿದವನನ್ನು ಹಿಂದಿನ ರಾತ್ರಿ ಚಾಕುವಿನಿಂದ ಇರಿದು ಕೊಂದ ಹುಡುಗಿ ತಿಂಡಿಯ ಮೇಜಿನ ಮುಂದೆ ಕೂತಿದ್ದಾಳೆ. ನೆರೆಯಾಕೆ ಆ ಕೊಲೆಯ ಬಗ್ಗೆ ಒಂದೇ ಸಮ ಮಾತಾಡುತ್ತಾಳೆ. ಕ್ರಮೇಣ ಅವಳ ಮಾತು ಗೊಣಗಾಟವಾಗಿ ಕರಗುತ್ತದೆ. ಚಾಕು ಎಂಬ ಒಂದು ಪದ ಮಾತ್ರ ಮತ್ತೆಮತ್ತೆ ಮೇಲೆದ್ದು ಬಂದು ಚುಚ್ಚುತ್ತದೆ. ಕೋಣೆಯಲ್ಲಿರುವ ಮಿಕ್ಕವರಿಗೆ ಅದೊಂದು ಸಾಮಾನ್ಯ ಮಾತುಕತೆ. ಹುಡುಗಿಗೆ ಕೇಳುವಂತೆ ಪ್ರೇಕ್ಷಕನಿಗೂ ಕೇಳಿಸಿದ್ದರಿಂದ ಅವನು ಅವಳ ತಲೆಯೊಳಗೆ ಸೇರಿಕೊಂಡ. ಕ್ಯಾಮೆರಾದ ಕ್ಲೋಸ್‌ಅಪ್ ಮುಖದ ಹತ್ತಿರ ಒಯ್ದರೆ, ಸದ್ದಿನ ಕ್ಲೋಸ್‌ಅಪ್ ಮುಖದ ಹಿಂದಕ್ಕೆ ಒಯ್ಯುತ್ತದೆ.

ಸದ್ದು ಬದಲಾದರೆ ದೃಶ್ಯ ಬದಲಾಗುತ್ತದೆ ಎಂಬ ಮಾತಿಗೆ ಪ್ರಯೋಗಾಲಯದಲ್ಲಿ ಮಾಡಿದಂಥ ಪುರಾವೆ ಬೇಕೆಂದರೆ ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958) ಚಿತ್ರವನ್ನು ನೋಡಬೇಕು. ಮೂರು ನಿಮಿಷ ಮೀರಿದ ಅದರ ಮೊದಲ ಶಾಟಿನಲ್ಲಿ ಒಂದು ಕತ್ತರಿಯೂ ಇಲ್ಲ. ಯಾರದೋ ಕೈ ಟೈಮ್ ಬಾಂಬಿನ ಮುಳ್ಳು ತಿರುಗಿಸುತ್ತದೆ; ಬಾಂಬನ್ನು ಒಂದು ಕಾರಿನ ಡಿಕ್ಕಿಯಲ್ಲಿ ಇಡಲಾಗುತ್ತದೆ; ಒಬ್ಬ ಗಂಡಸು, ಒಬ್ಬಳು ಹೆಂಗಸು ಬಂದು ಕಾರು ಹತ್ತುತ್ತಾರೆ. ಕ್ರೇನ್ ಮೇಲಿನ ಕ್ಯಾಮೆರಾ ಮೇಲಕ್ಕೇರಿ, ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಊರಿನ ಬೀದಿಗುಂಟ ಹಿಂದೆ ಸರಿಯುತ್ತದೆ. ಕಾರು ಒಮ್ಮೆ ಚೌಕಟ್ಟಿನೊಳಗೆ ಬರುತ್ತದೆ, ಒಮ್ಮೆ ಜನರ ಗುಂಪಿನಾಚೆ ಮರೆಯಾಗುತ್ತದೆ. ಅದೇ ಬೀದಿಯಲ್ಲಿ ನಡೆದು ಬರುವ ನವದಂಪತಿಯನ್ನು ಕಾರು ಹಿಂದೆ ಹಾಕುತ್ತದೆ, ಅವರು ಕಾರನ್ನು ಹಿಂದೆ ಹಾಕುತ್ತಾರೆ. ಗಡಿ ಠಾಣೆಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ತನ್ನ ತಲೆಯಲ್ಲಿ ಏನೋ ಟಿಕ್ ಟಿಕ್ ಸದ್ದು ಎಂದು ಕಾರಿನಲ್ಲಿದ್ದವಳು ದೂರುತ್ತಾಳೆ, ಯಾರೂ ಕಿವಿಗೊಡುವುದಿಲ್ಲ. ಕಾರು ಮುಂದೆ ಹೋಗುತ್ತದೆ. ದಂಪತಿ ಮುತ್ತಿಕ್ಕುವ ಹೊತ್ತಿಗೆ ಸ್ಫೋಟ.

ಚಿತ್ರ ಬಿಡುಗಡೆ ಮಾಡಿದ ಸ್ಟುಡಿಯೋ ಈ ಶಾಟಿನ ಮೇಲೆ ಹೆಸರುಗಳ ಪಟ್ಟಿ ಹಾಕಿ, ಹೆನ್ರಿ ಮಾನ್ಸಿನಿ ಸಂಯೋಜಿಸಿದ ಬೊಂಗೊ ತಾಳದ ಸಂಗೀತವನ್ನು ಉದ್ದಕ್ಕೂ ಹಾಸಿತು. ಸಂಗೀತ ಸ್ವತಃ ಚೆನ್ನಾಗಿಯೇ ಇದೆ. ಆದರೆ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಅದು ಒಂದೇ ಮಾತು ಹೇಳುತ್ತದೆ: ಏನೋ ಆಗಲಿದೆ. ವೆಲ್ಸ್ ಆ ದಿನಗಳಲ್ಲೇ ಸ್ಟುಡಿಯೋಗೆ 58 ಪುಟಗಳ ಟಿಪ್ಪಣಿ ಬರೆದು, ತನ್ನ ಚಿತ್ರ ಹೇಗಿರಬೇಕೆಂದು ವಿವರಿಸಿದ್ದ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಚಿತ್ರವನ್ನು ಮತ್ತೆ ಜೋಡಿಸಿದ. ಮೊದಲ ಶಾಟಿನಿಂದ ಹೆಸರುಗಳೂ ಮಾನ್ಸಿನಿಯ ಸಂಗೀತವೂ ಹೋದವು. ಬೀದಿಯ ಸದ್ದು ಬಂತು. ಒಂದೊಂದು ಕ್ಲಬ್ಬಿನ ಬಾಗಿಲು ದಾಟಿದಾಗ ಒಂದೊಂದು ವಾದ್ಯಗೋಷ್ಠಿ ಕೇಳಿ ಹಿಂದೆ ಸರಿಯುತ್ತದೆ. ಇವುಗಳ ನಡುವೆ ಕಾರಿನ ರೇಡಿಯೋದಲ್ಲಿ ಬರುವ ಸಂಗೀತ. ಕಾರು ಚೌಕಟ್ಟಿನಿಂದ ಹೊರಗೆ ಹೋದಾಗಲೂ ರೇಡಿಯೋ ಕೇಳುತ್ತದೆ. ಅದು ಸಣ್ಣದಾದರೆ ಬಾಂಬ್ ದೂರ, ಜೋರಾದರೆ ಬಾಂಬ್ ಹತ್ತಿರ.

ಒಂದೇ ಒಂದು ಚೌಕಟ್ಟೂ ಬದಲಾಗದೆ ದೃಶ್ಯ ಬೇರೆಯಾಗಿಬಿಟ್ಟಿತು. ಮೊದಲ ಆವೃತ್ತಿಯಲ್ಲಿ ಪ್ರೇಕ್ಷಕ ಸಂಗೀತವನ್ನು ಕೇಳುತ್ತಾ ಕೂರುತ್ತಾನೆ. ಎರಡನೆಯದರಲ್ಲಿ ಬಾಂಬನ್ನು ಕಿವಿಯಿಂದ ಹುಡುಕುತ್ತಾ ಕೂರುತ್ತಾನೆ. ಹಿನ್ನೆಲೆ ಸಂಗೀತ ಭಾವನೆಯನ್ನು ಸಿದ್ಧಪಡಿಸಿ ಕೈಗಿತ್ತರೆ, ಸ್ಥಳದ ಸದ್ದು ಪ್ರೇಕ್ಷಕನಿಂದ ಕೆಲಸ ಮಾಡಿಸಿ ಆ ಭಾವನೆಯನ್ನು ಅವನಲ್ಲೇ ಹುಟ್ಟಿಸುತ್ತದೆ. ಎರಡರಲ್ಲಿ ಯಾವುದು ಗಟ್ಟಿ ಎಂಬುದು ಎರಡೂ ಆವೃತ್ತಿಗಳನ್ನು ಒಂದರ ಹಿಂದೊಂದು ನೋಡಿದ ಯಾರಿಗೂ ಅನುಮಾನವಿಲ್ಲದೆ ತಿಳಿಯುತ್ತದೆ.

‘ದಿ ಬರ್ಡ್ಸ್’ (1963) ಇದೇ ವಾದವನ್ನು ಇನ್ನೊಂದು ಕೊನೆಯಿಂದ ಸಮರ್ಥಿಸುತ್ತದೆ. ಆ ಚಿತ್ರಕ್ಕೆ ರೂಢಿಯ ಅರ್ಥದ ಹಿನ್ನೆಲೆ ಸಂಗೀತವೇ ಇಲ್ಲ. ಜರ್ಮನಿಯ ಆಸ್ಕರ್ ಸಾಲಾ ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯದಿಂದ ಹಕ್ಕಿಗಳ ಚೀರಾಟ, ರೆಕ್ಕೆಬಡಿತಗಳನ್ನು ಸೃಷ್ಟಿಸಿದ. ಹಿಚ್‌ಕಾಕ್‌ನ ನೆಚ್ಚಿನ ಸಂಗೀತಗಾರ ಬರ್ನಾರ್ಡ್ ಹರ್ಮನ್ ಈ ಚಿತ್ರಕ್ಕೆ ಸ್ವರ ಬರೆಯಲಿಲ್ಲ, ಸದ್ದಿನ ಸಲಹೆಗಾರನಾಗಿ ಮಾತ್ರ ದುಡಿದ. ಶಾಲೆಯ ಹೊರಗಿನ ದೃಶ್ಯವನ್ನು ಗಮನಿಸಬೇಕು. ನಾಯಕಿ ಮೆಲನಿ ಬೆಂಚಿನ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಅವಳ ಬೆನ್ನ ಹಿಂದೆ ಮಕ್ಕಳು ಹತ್ತಿ ಆಡುವ ಕಬ್ಬಿಣದ ಸರಳುಗಳಿವೆ. ಒಂದು ಕಾಗೆ ಬಂದು ಕೂರುತ್ತದೆ. ಮತ್ತೆ ಮೆಲನಿ. ಇನ್ನಷ್ಟು ಕಾಗೆಗಳು. ಮತ್ತೆ ಮೆಲನಿ, ಈ ಸಲ ಇನ್ನೂ ಹತ್ತಿರದಿಂದ. ಆಮೇಲೆ ಕ್ಯಾಮೆರಾ ಅವಳ ಮುಖದ ಮೇಲೆಯೇ ಉಳಿದುಬಿಡುತ್ತದೆ. ಹಿಂದಿನ ಸರಳುಗಳನ್ನು ತೋರಿಸುವುದೇ ಇಲ್ಲ. ಪ್ರೇಕ್ಷಕನ ಮನಸ್ಸು ಕಾಣದ ಕಾಗೆಗಳನ್ನು ಎಣಿಸತೊಡಗುತ್ತದೆ. ಕೊನೆಗೆ ಅವಳು ಆಕಾಶದಲ್ಲಿ ಹಾರುವ ಒಂದು ಕಾಗೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಾಳೆ. ಅದು ಹೋಗಿ ಇಳಿಯುವ ಜಾಗದಲ್ಲಿ ಸರಳುಗಳೆಲ್ಲ ಕಪ್ಪಾಗಿವೆ.

ಈ ದೃಶ್ಯದುದ್ದಕ್ಕೂ ಕೇಳುವ ಒಂದೇ ಸಂಗೀತ ಶಾಲೆಯೊಳಗಿನಿಂದ ಬರುವ ಮಕ್ಕಳ ಹಾಡು. ಚರಣದ ಮೇಲೆ ಚರಣ, ಅದೇ ಪಲ್ಲವಿ, ಅದೇ ಲಯ. ಹಾಡಿಗೆ ಹೊರಗಿನ ಪರಿವೆಯೇ ಇಲ್ಲ, ಆ ಪರಿವೆ ಇಲ್ಲದಿರುವುದೇ ಸಹಿಸಲಾಗದ್ದು. ಹಾಡು ಮುಗಿದರೆ ಮಕ್ಕಳು ಹೊರಗೆ ಬರುತ್ತಾರೆ ಎಂದು ಪ್ರೇಕ್ಷಕನಿಗೆ ಗೊತ್ತು. ಹಿಚ್‌ಕಾಕ್ ಹೇಳಿದ ಗೋಡೆಯ ಗಡಿಯಾರದ ಕೆಲಸವನ್ನು ಇಲ್ಲಿ ಆ ಹಾಡು ಮಾಡುತ್ತದೆ. ಈ ಜಾಗದಲ್ಲಿ ಪಿಟೀಲುಗಳು ನಡುಗಿದ್ದರೆ ಏನಾಗುತ್ತಿತ್ತೆಂದು ಊಹಿಸಿ ನೋಡಿದರೆ ಸಾಕು. ಚಿತ್ರವೇ ಭಯಪಟ್ಟಂತೆ ಆಗುತ್ತಿತ್ತು. ಪ್ರೇಕ್ಷಕನ ಭಯಕ್ಕೆ ಜಾಗ ಉಳಿಯುತ್ತಿರಲಿಲ್ಲ.

ಹಾಗೆಂದು ಹಿನ್ನೆಲೆ ಸಂಗೀತವೇ ಸಸ್ಪೆನ್ಸಿಗೆ ಶತ್ರು ಎನ್ನಲಾಗದು. ಎದುರು ವಾದಕ್ಕೆ ಬಲವಾದ ಸಾಕ್ಷಿ ‘ಸೈಕೋ’ ಚಿತ್ರದ ಸ್ನಾನದ ಕೋಣೆಯ ದೃಶ್ಯವೇ. ಅದನ್ನು ಸಂಗೀತವಿಲ್ಲದೆ, ನೀರಿನ ಸದ್ದು ಮತ್ತು ಚೀರಾಟದಲ್ಲಿ ಮಾತ್ರ ನಡೆಸುವುದು ಹಿಚ್‌ಕಾಕ್‌ನ ಇರಾದೆಯಾಗಿತ್ತು. ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿ ಬರೆದ ಸಂಗೀತವನ್ನು ಕೇಳಿಸಿದ ಮೇಲೆ ತನ್ನ ನಿರ್ಧಾರ ತಪ್ಪೆಂದು ಹಿಚ್‌ಕಾಕ್ ಒಪ್ಪಿಕೊಂಡ. ಆ ಕೀರಲು ಸ್ವರಗಳನ್ನು ಬಿಟ್ಟು ಇಂದು ಆ ದೃಶ್ಯವನ್ನು ನೆನೆಯುವುದೇ ಸಾಧ್ಯವಿಲ್ಲ. ಆದರೆ ಅವು ಯಾವಾಗ ಬರುತ್ತವೆ ಎಂಬುದನ್ನು ನೋಡಬೇಕು. ಮೇರಿಯನ್ ಸ್ನಾನಕ್ಕೆ ಇಳಿದಾಗ, ಪರದೆಯಾಚೆ ನೆರಳು ಮೂಡಿದಾಗ, ನೆರಳು ದೊಡ್ಡದಾಗುತ್ತಾ ಬಂದಾಗ ಕೇಳುವುದು ನೀರು ಸುರಿಯುವ ಸದ್ದೊಂದೇ. ಪರದೆ ಸರಿದ ಕ್ಷಣಕ್ಕೆ ಪಿಟೀಲುಗಳು ಚೀರುತ್ತವೆ. ಸಸ್ಪೆನ್ಸ್ ಇರುವವರೆಗೆ ಸಂಗೀತ ಇಲ್ಲ. ಸಸ್ಪೆನ್ಸ್ ಮುಗಿದು ಹಿಂಸೆ ಶುರುವಾದಾಗ ಸಂಗೀತ ಶುರುವಾಗುತ್ತದೆ.

‘ಜಾಸ್’ (1975) ಚಿತ್ರದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಸಂಗೀತಗಾರ ಜಾನ್ ವಿಲಿಯಮ್ಸ್ ಇನ್ನೊಂದು ಶಿಸ್ತು ಪಾಲಿಸಿದರು. ಯಾಂತ್ರಿಕ ಶಾರ್ಕ್ ಪದೇಪದೇ ಕೆಟ್ಟು ನಿಂತಿದ್ದರಿಂದ ಮೀನನ್ನು ತೋರಿಸುವುದು ಕಡಿಮೆಯಾಗಿ, ನೀರಿನ ಮಟ್ಟದಿಂದ ನೋಡುವ ಕ್ಯಾಮೆರಾ ಮತ್ತು ಎರಡು ಸ್ವರಗಳ ಒಂದು ಎಳೆ ಅದರ ಜಾಗಕ್ಕೆ ಬಂದವು. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಸುಳ್ಳು ಗಾಬರಿ ಹುಟ್ಟಿಸುವಾಗ ಆ ಸ್ವರಗಳು ಕೇಳುವುದಿಲ್ಲ. ಸಂಗೀತ ಸುಳ್ಳು ಹೇಳುವುದಿಲ್ಲವೆಂದು ಪ್ರೇಕ್ಷಕನಿಗೆ ನಂಬಿಕೆ ಬಂದ ಬಹಳ ಹೊತ್ತಿನ ಮೇಲೆ, ಪೊಲೀಸ್ ಮುಖ್ಯಸ್ಥ ಬ್ರಾಡಿ ದೋಣಿಯ ಅಂಚಿನಿಂದ ನೀರಿಗೆ ಮೀನಿನ ಚೂರು ಎಸೆಯುತ್ತಿರುವಾಗ, ಸ್ವರವೇ ಇಲ್ಲದೆ ಶಾರ್ಕ್ ಬಾಯಿ ತೆರೆದು ಮೇಲೇಳುತ್ತದೆ. ಆ ಬೆಚ್ಚುವಿಕೆ ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ಪ್ರಾಮಾಣಿಕತೆಯ ಫಲ.

ಇತ್ತೀಚಿನ ಚಿತ್ರಗಳಲ್ಲಿ ಕೋಯೆನ್ ಸಹೋದರರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ಈ ಪರಂಪರೆಯ ನೇರ ವಾರಸುದಾರ. ಹೋಟೆಲಿನ ಕತ್ತಲ ಕೋಣೆಯಲ್ಲಿ ಒಬ್ಬ ಬಂದೂಕು ಹಿಡಿದು ಬಾಗಿಲು ನೋಡುತ್ತಾ ಕೂತಿದ್ದಾನೆ. ಹೆಜ್ಜೆ ಸದ್ದು, ಬಾಗಿಲ ಸಂದಿಯಲ್ಲಿ ಬೆಳಕು, ಆ ಬೆಳಕಿನಲ್ಲಿ ಎರಡು ಕಾಲಿನ ನೆರಳು. ಆಮೇಲೆ ಹೊರಗಿನ ದೀಪ ಆರಿಹೋಗುತ್ತದೆ. ‘ರಿಯರ್ ವಿಂಡೋ’ ಚಿತ್ರದ ಕೊನೆಯಲ್ಲಿ ಕೊಲೆಗಾರ ಮೆಟ್ಟಿಲು ಹತ್ತಿ ಬರುವಾಗಲೂ ಹೀಗೆಯೇ ಹೆಜ್ಜೆ ಸದ್ದು, ಸಂದಿಯ ಬೆಳಕು, ಆರುವ ದೀಪ. ಐವತ್ತು ವರ್ಷ ಕಳೆದರೂ ಇದಕ್ಕಿಂತ ಉತ್ತಮ ಉಪಾಯ ಯಾರಿಗೂ ಹೊಳೆದಿಲ್ಲ.

ಭಾರತದಲ್ಲಿ ಈ ಪಾಠ ತಡವಾಗಿ ಬರಲು ಕಾರಣಗಳಿವೆ. ಹಾಡಿಲ್ಲದೆ ಚಿತ್ರವಿಲ್ಲ ಎಂಬ ನಂಬಿಕೆಯನ್ನು ಮುರಿದವರು ಬೆರಳೆಣಿಕೆಯಷ್ಟು. ಹಿಂದಿಯಲ್ಲಿ ಬಿ.ಆರ್. ಚೋಪ್ರಾ ಅವರ ‘ಕಾನೂನ್’ (1960), ಯಶ್ ಚೋಪ್ರಾ ಅವರ ‘ಇತ್ತೆಫಾಕ್’ (1969) ಹಾಡಿಲ್ಲದ ಸಸ್ಪೆನ್ಸ್ ಚಿತ್ರಗಳು. ಕನ್ನಡದಲ್ಲಿ ಸುನೀಲ್ ಕುಮಾರ್ ದೇಸಾಯಿ ‘ತರ್ಕ’ (1989) ಮತ್ತು ‘ನಿಷ್ಕರ್ಷ’ ಚಿತ್ರಗಳಲ್ಲಿ ಅದೇ ಧೈರ್ಯ ತೋರಿದರು. ಅವರದೇ ‘ಬೆಳದಿಂಗಳ ಬಾಲೆ’ (1995) ಇನ್ನೂ ಕುತೂಹಲಕರ. ಅನಂತ್ ನಾಗ್ ಅಭಿನಯದ ಚದುರಂಗದ ಆಟಗಾರನಿಗೆ ಫೋನಿನಲ್ಲಿ ಒಂದು ಹೆಣ್ಣುದನಿ ಸವಾಲು ಹಾಕುತ್ತದೆ. ಆ ದನಿಯ ಒಡತಿಯ ಮುಖವನ್ನು ಚಿತ್ರ ತೋರಿಸುವುದೇ ಇಲ್ಲ. ಕೊಲೆಯಿಲ್ಲ, ಕತ್ತಿಯಿಲ್ಲ, ಕಾಣದ ದನಿಯೊಂದೇ ಇಡೀ ಚಿತ್ರವನ್ನು ಹೊತ್ತು ನಡೆಯುತ್ತದೆ. ದನಿ ಇದ್ದು ಮೈ ಕಾಣದಿದ್ದರೆ ಮನಸ್ಸು ಹೇಗೆ ಅದರ ಬೆನ್ನು ಹತ್ತುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಾಡು ಹೋದರೂ ಇನ್ನೊಂದು ರೂಢಿ ಉಳಿಯಿತು. ದಶಕಗಳ ಕಾಲ ಇಲ್ಲಿನ ಚಿತ್ರಗಳು ಚಿತ್ರೀಕರಣದ ಸ್ಥಳದ ಸದ್ದನ್ನು ಬಿಟ್ಟು, ಎಲ್ಲ ಮಾತನ್ನೂ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಕೊಂಡೇ ತಯಾರಾದವು. ಹಿಂದಿಯ ‘ಲಗಾನ್’ (2001) ಸ್ಥಳದಲ್ಲೇ ಧ್ವನಿಮುದ್ರಣ ಮಾಡಿದಾಗ ಅದೊಂದು ದೊಡ್ಡ ಸುದ್ದಿಯಾಗಿತ್ತು. ಡಬ್ಬಿಂಗ್ ಕೋಣೆಯಲ್ಲಿ ಮಾತು ಸಿಗುತ್ತದೆ, ಊರು ಸಿಗುವುದಿಲ್ಲ. ಮಾತಿನ ಹಿಂದೆ ಉಳಿಯುವ ಟೊಳ್ಳನ್ನು ತುಂಬುವ ಹೊಣೆ ಹಿನ್ನೆಲೆ ಸಂಗೀತ ಕೂಡಿಸುವ ರೀ-ರೆಕಾರ್ಡಿಂಗ್ ಮೇಲೆ ಬೀಳುತ್ತದೆ. ಹಾಗಾಗಿಯೇ ನಮ್ಮ ಥ್ರಿಲ್ಲರ್‌ಗಳಲ್ಲಿ ನಾಯಕ ಬಾಗಿಲು ತಳ್ಳುವ ಮೊದಲೇ ಡ್ರಮ್ಮು ಬಡಿಯುತ್ತದೆ, ಬಾಗಿಲ ಕೀಲಿನ ಸದ್ದು ಕೇಳುವುದಿಲ್ಲ. ಅನುಮಾನದ ಪಾತ್ರ ಕಂಡ ಕೂಡಲೇ ಸ್ವರವೊಂದು ಬಂದು ಇವನ ಮೇಲೆ ಕಣ್ಣಿಡಿ ಎನ್ನುತ್ತದೆ. ಕ್ಯಾಮೆರಾ ಜತನದಿಂದ ಬಚ್ಚಿಟ್ಟದ್ದನ್ನು ಸಂಗೀತ ಬಯಲಿಗೆಳೆಯುತ್ತದೆ.

ಮಲೆನಾಡಿನ ಒಂಟಿಮನೆಯಲ್ಲಿ ನಡೆಯುವ ಕಥೆಗೆ ಬೇಕಾದ ಸದ್ದು ಆ ಮನೆಯ ಸುತ್ತಲೇ ಇದೆ. ರಾತ್ರಿಯಿಡೀ ಒಂದೇ ಸಮ ಕೂಗುವ ಜೀರುಂಡೆಗಳು ಹೆಜ್ಜೆಯ ಅದುರು ಹತ್ತಿರ ಬಂದರೆ ಥಟ್ಟನೆ ಸುಮ್ಮನಾಗುತ್ತವೆ. ಅಂಗಳದ ಆ ಕಡೆಯ ಕೂಗು ನಿಂತು, ಆಮೇಲೆ ಈ ಕಡೆಯದೂ ನಿಂತರೆ ಯಾರೋ ದಾಟಿ ಬಂದರೆಂದು ಯಾವ ವಾದ್ಯವೂ ಹೇಳಬೇಕಾಗಿಲ್ಲ. ಹಂಚಿನ ಮೇಲೆ ಬೀಳುವ ಮಳೆ ಮಿಕ್ಕೆಲ್ಲ ಸದ್ದನ್ನೂ ನುಂಗುವುದರಿಂದ, ಮಳೆ ನಿಂತ ಗಳಿಗೆಯೇ ಭಯದ ಗಳಿಗೆಯಾಗಬಲ್ಲದು. ಇಂಥದ್ದನ್ನು ಚಿತ್ರಕಥೆ ಬರೆಯುವಾಗಲೇ ಬರೆದಿಡಬೇಕು, ಚಿತ್ರೀಕರಣದ ಜಾಗದಲ್ಲೇ ಮುದ್ರಿಸಿಕೊಳ್ಳಬೇಕು. ಕನ್ನಡದ ಹೊಸ ನಿರ್ದೇಶಕರು ರೀ-ರೆಕಾರ್ಡಿಂಗಿಗೆ ಹೋಗುವ ಮೊದಲು ತಮ್ಮ ಚಿತ್ರವನ್ನು ಬರಿಯ ಸ್ಥಳದ ಸದ್ದಿನೊಂದಿಗೆ ಒಮ್ಮೆ ಪೂರ್ತಿಯಾಗಿ ನೋಡಲಿ, ಸಂಗೀತವಿಲ್ಲದೆಯೇ ಬಿಗಿಯಾಗಿ ನಿಂತ ದೃಶ್ಯಗಳನ್ನು ಹಾಗೆಯೇ ಬಿಡಲಿ.